ಶೇಂಗಾ ಚಟ್ನಿಪುಡಿ ಘಟಕ: ಹುರಿದರೆ ಬೂಷ್ಟಿನ ವಿಷ ಹೋಗುತ್ತಾ?

ಬೆಣ್ಣೆನಗರಿ (ದಾವಣಗೆರೆ) ಕೇಳಿದ್ದು:

ಐದು ಜನರ ಸ್ವಸಹಾಯ ಗುಂಪು. ತಿಂಗಳಿಗೆ ಸುಮಾರು 400 ಕೆಜಿ ಶೇಂಗಾ ಚಟ್ನಿಪುಡಿ ಮಾಡ್ತೀವಿ. ಬೀಜ ಚಳ್ಳಕೆರೆ ಕಡೆಯಿಂದ 50 ಕೆಜಿ ಚೀಲದಲ್ಲಿ ಬರುತ್ತೆ, ಮೆಣಸಿನಕಾಯಿ ಬ್ಯಾಡಗಿ. 20 ಕೆಜಿಯ ಗ್ಯಾಸ್ ಡ್ರಮ್ ರೋಸ್ಟರ್, ಸಿಪ್ಪೆ ತೆಗೆಯೋ ಯಂತ್ರ, ಬೀಸೋ ಪಲ್ವರೈಸರ್, ಸೀಲಿಂಗ್ ಮಷಿನ್ ಇವೆ. ಬೀಜ ಹುರಿದು, ಸಿಪ್ಪೆ ತೆಗೆದು, ಖಾರದ ಪುಡಿ, ಜೀರಿಗೆ, ಉಪ್ಪು, ಜಜ್ಜಿದ ಹಸಿ ಬೆಳ್ಳುಳ್ಳಿ ಸೇರಿಸಿ ಬೀಸ್ತೀವಿ. ಸಂಜೆ ಇಡೀ ಕೋಣೆ, ಯಂತ್ರ ಎಲ್ಲಾ ನೀರು ಹಾಕಿ ತೊಳೀತೀವಿ.

ಒಂದು ಅಂಗಡಿಯವರು ಅಫ್ಲಾಟಾಕ್ಸಿನ್ (ಬೂಷ್ಟಿನ ವಿಷ) ರಿಪೋರ್ಟ್ ಕೇಳ್ತಿದಾರೆ. ನಡುವೆ ಒಂದೆರಡು ಪ್ಯಾಕೆಟ್ ಕಹಿ ಅಂತ ವಾಪಸ್ ಬಂದಿವೆ. ಚೆನ್ನಾಗಿ ಕೆಂಪಗೆ ಹುರಿದರೆ ಬೂಷ್ಟಿನ ವಿಷ ಸುಟ್ಟು ಹೋಗಲ್ವಾ? ಇಷ್ಟು ಸಣ್ಣ ಘಟಕಕ್ಕೆ ಈ ಹ್ಯಾಸಪ್ (ಅಪಾಯ ಎಲ್ಲಿ ಬರುತ್ತೆ ಅಂತ ಗುರುತಿಸಿ ತಡೆಯೋ ಪದ್ಧತಿ) ಗಿಸಪ್ ಎಲ್ಲಾ ಬೇಕಾ?

---

ಗಾಣದಕಟ್ಟೆ (ಚಳ್ಳಕೆರೆ):

ಹೋಗಲ್ಲ. ಮೊದಲು ಅದನ್ನು ತಲೆಯಿಂದ ತೆಗೆದುಹಾಕಿ.

ಬೂಷ್ಟು ಸಾಯುತ್ತೆ, ಅದು ಬಿಟ್ಟುಹೋದ ವಿಷ ಸಾಯಲ್ಲ. ಆಸ್ಪರ್ಜಿಲಸ್ ಫ್ಲೇವಸ್, ಆಸ್ಪರ್ಜಿಲಸ್ ಪ್ಯಾರಾಸಿಟಿಕಸ್ ಎಂಬ ಬೂಷ್ಟುಗಳು ಅಫ್ಲಾಟಾಕ್ಸಿನ್ ಮಾಡುವುದು. ಇದು ಪೂರ್ತಿ ಒಡೆಯಲು 230 ಡಿಗ್ರಿ ದಾಟಬೇಕು. ಅಷ್ಟು ಹೊತ್ತಿಗೆ ನಿಮ್ಮ ಶೇಂಗಾ ಇದ್ದಿಲಾಗಿರುತ್ತೆ. ಮಾಮೂಲಿ ಹುರಿತದಲ್ಲಿ ಒಂದಷ್ಟು ಭಾಗ ಕಡಿಮೆ ಆಗುತ್ತೆ ನಿಜ, ಆದರೆ ಅದನ್ನು ನಂಬಿ ಕೆಟ್ಟ ಮಾಲು ಕೊಳ್ಳುವಂತಿಲ್ಲ. ಇನ್ನೊಂದು, ಅಫ್ಲಾಟಾಕ್ಸಿನ್‌ಗೆ ರುಚಿ ಇಲ್ಲ, ವಾಸನೆ ಇಲ್ಲ. ನಿಮಗೆ ಬಂದ ಕಹಿ ಬೂಷ್ಟು ಹಿಡಿದ ಬೀಜದ್ದಿರಬಹುದು, ಎಣ್ಣೆ ಕಮಟಿದ್ದಿರಬಹುದು, ಸೀದದ್ದೂ ಇರಬಹುದು. ಕಹಿ ಇಲ್ಲ ಅಂದಮಾತ್ರಕ್ಕೆ ವಿಷ ಇಲ್ಲ ಅಂತಲ್ಲ.

ನಮ್ಮಲ್ಲಿ ಇದು ಯಾಕೆ ಹೆಚ್ಚು ಅಂದ್ರೆ, ಕಾಯಿ ಬಲಿಯುವ ಕೊನೆಯ ಮೂರ್ನಾಲ್ಕು ವಾರ ಮಳೆ ಕೈಕೊಟ್ಟರೆ ಬಳ್ಳಿ ಸೊರಗುತ್ತೆ, ನೆಲ ಕಾಯುತ್ತೆ, ಮಣ್ಣಲ್ಲೇ ಇರುವ ಬೂಷ್ಟು ಕಾಯೊಳಗೆ ಹೋಗುತ್ತೆ. ಅಂದ್ರೆ ಕಿತ್ತ ಮೇಲೆ ಬರುವ ರೋಗ ಮಾತ್ರ ಅಲ್ಲ ಇದು, ಹೊಲದಲ್ಲೇ ಶುರು. ಆಮೇಲೆ ಕಿತ್ತ ಬಳ್ಳಿ ಹಸಿ ಇರುವಾಗಲೇ ಬಣವೆ ಒಟ್ಟಿದರೆ, ಹಿಂಗಾರು ಮಳೆಗೆ ನೆನೆದರೆ ಮುಗೀತು.

ಕೊಳ್ಳುವವರು ಯಾರೂ ಕೇಳದ ಒಂದು ವಿಷಯ ಹೇಳ್ತೀನಿ. ಕಾಯಿ ಒಡೆಯುವ ಯಂತ್ರಕ್ಕೆ ಹಾಕುವ ಮುಂಚೆ ಕಾಯಿ ಮೇಲೆ ನೀರು ಚಿಮುಕಿಸುವ ರೂಢಿ ಇದೆ, ಬೀಜ ಎರಡು ಹೋಳಾಗದೆ ಇಡಿಯಾಗಿ ಬರಲಿ ಅಂತ. ನೋಡಲು ಮಾಲು ಚೆಂದ, ತೂಕವೂ ಬರುತ್ತೆ. ಆ ತೇವದಲ್ಲೇ ಚೀಲ ಹೊಲಿದು ಗೋದಾಮಲ್ಲಿ ಒಟ್ಟಿದರೆ ನಡುವಿನ ಚೀಲಗಳು ಒಳಗೊಳಗೇ ಬೇಯುತ್ತವೆ. ಹಾಗಾಗಿ ಮೊದಲ ಪ್ರಶ್ನೆ ರೇಟಲ್ಲ. "ನೀರು ಹೊಡೆದು ಒಡೆದದ್ದಾ, ಒಣ ಒಡೆದದ್ದಾ?" ಒಣ ಒಡೆದ ಮಾಲಲ್ಲಿ ಹೋಳು ಸ್ವಲ್ಪ ಜಾಸ್ತಿ ಇರುತ್ತೆ. ಚಟ್ನಿಪುಡಿಗೆ ಹೋಳಾದರೇನು, ಇಡಿಯಾದರೇನು? ಬೀಸೋದೇ ತಾನೆ. ಆದರೆ ಹೊಸದಾಗಿ ಒಡೆದ ಹೋಳನ್ನೇ ತಗೊಳ್ಳಿ. ಹಳೇ ಹೋಳು ಬೇಗ ಕಮಟುತ್ತೆ.

ಬೀಜದ ತೇವ 7%ಕ್ಕಿಂತ ಮೇಲಿರಬಾರದು. ಮೀಟರ್ ಇಲ್ಲದಿದ್ದರೆ ಜಾಡಿ ಪರೀಕ್ಷೆ ಮಾಡಿ. ಕೋಣೆಯ ತೇವ ತೋರಿಸುವ ಪುಟ್ಟ ಡಿಜಿಟಲ್ ಹೈಗ್ರೋಮೀಟರ್ ಬೇಕು. ಗಟ್ಟಿ ಮುಚ್ಚಳದ ಗಾಜಿನ ಜಾಡಿಗೆ ಮುಕ್ಕಾಲು ಬೀಜ ತುಂಬಿ, ಮೇಲೆ ಹೈಗ್ರೋಮೀಟರ್ ಇಟ್ಟು ಮುಚ್ಚಿ, ನೆರಳಲ್ಲಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ತೋರಿಸುವ ಶೇಕಡಾ ಅಂಕಿಯೇ ಬೀಜದೊಳಗಿನ ನೀರಿನ ಚಟುವಟಿಕೆ, ಅಂದ್ರೆ ಬೂಷ್ಟಿಗೆ ಸಿಗುವ ನೀರಿನ ಅಳತೆ. 65ರ ಒಳಗಿದ್ದರೆ ನಿಶ್ಚಿಂತೆ, 70 ದಾಟಿದರೆ ಆ ಚೀಲ ಬೇಡ. ಮೀಟರನ್ನೇ ನಂಬಬಹುದಾ ಅಂತ ಅನುಮಾನ ಇದ್ದರೆ, ಒಂದು ಬಾಟಲಿ ಮುಚ್ಚಳದಲ್ಲಿ ಉಪ್ಪಿಗೆ ಕೆಲವೇ ಹನಿ ನೀರು ಹಾಕಿ ಮುದ್ದೆ ಮಾಡಿ (ಕರಗಬಾರದು), ಮೀಟರ್ ಜೊತೆ ಜಿಪ್ ಕವರಿನಲ್ಲಿ 12 ಗಂಟೆ ಇಡಿ. 75 ತೋರಿಸಬೇಕು. 79 ತೋರಿಸಿದರೆ ಪ್ರತಿ ಸಲ 4 ಕಳೆಯಿರಿ.

ಈಗ ಆರಿಸುವುದು. ಅಫ್ಲಾಟಾಕ್ಸಿನ್ ಚೀಲದ ತುಂಬ ಸಮವಾಗಿ ಹರಡಿರಲ್ಲ, ಎಲ್ಲೋ ಕೆಲವು ಬೀಜಗಳಲ್ಲಿ ತುಂಬಿಕೊಂಡಿರುತ್ತೆ. ಒಂದೇ ಬೀಜದಲ್ಲಿ ಕೆಜಿಗೆ 10 ಲಕ್ಷ ಮೈಕ್ರೋಗ್ರಾಂ ಮಟ್ಟದ ವಿಷ ಅಳೆದದ್ದು ದಾಖಲೆಯಲ್ಲಿದೆ. ಅರ್ಧ ಗ್ರಾಂ ತೂಗುವ ಅಂಥ ಬೀಜದಲ್ಲಿ 500 ಮೈಕ್ರೋಗ್ರಾಂ ಆಯ್ತು. ಅದನ್ನು 50 ಕೆಜಿ ಚೀಲಕ್ಕೆ ಹಂಚಿ: ಕೆಜಿಗೆ 10. ನೇರ ತಿನ್ನುವ ಶೇಂಗಾಕ್ಕೆ ನಮ್ಮ ದೇಶದ ಮಿತಿಯೇ ಕೆಜಿಗೆ 10 ಮೈಕ್ರೋಗ್ರಾಂ. ಮುಂದೆ ಸಂಸ್ಕರಿಸುವ ಬೀಜಕ್ಕೆ 15. ಅಂದ್ರೆ ಕೆಟ್ಟ ಕಾಲಕ್ಕೆ ಒಂದೇ ಒಂದು ಕಾಳು ಇಡೀ ಚೀಲವನ್ನು ಗೆರೆಗೆ ತಂದು ನಿಲ್ಲಿಸುತ್ತೆ.

ಇದರಲ್ಲೇ ಒಳ್ಳೇ ಸುದ್ದಿಯೂ ಇದೆ, ಕೆಟ್ಟ ಕೆಲವೇ ಕಾಳು ತೆಗೆದರೆ ವಿಷದ ಬಹುಪಾಲು ಹೋಯ್ತು. ಎರಡು ಸಲ ಆರಿಸಿ. ಹುರಿಯುವ ಮುಂಚೆ: ಜೊಳ್ಳು, ಸುಕ್ಕುಗಟ್ಟಿದ್ದು, ಹುಳು ಕೊರೆದದ್ದು, ಮೊಳಕೆ ಒಡೆದದ್ದು, ಕಪ್ಪು ಅಥವಾ ಹಸಿರು ಮಿಶ್ರಿತ ಹಳದಿ ಪುಡಿ ಹತ್ತಿದ್ದು. ಸಿಪ್ಪೆ ತೆಗೆದ ಮೇಲೆ ಇನ್ನೊಮ್ಮೆ: ಹೋಳಿನ ಒಳಮೈ ಕಂದು, ಬೂದಿ ಬಣ್ಣ ಇದ್ದದ್ದು, ಎಲ್ಲ ಬೆಳ್ಳಗಾದಾಗ ತಾನೊಂದೇ ಕಪ್ಪಗೆ ಉಳಿದದ್ದು, ಸಿಪ್ಪೆ ಬಿಡದೆ ಅಂಟಿಕೊಂಡದ್ದು. ಈ ಎರಡನೇ ಆರಿಕೆಯೇ ಮುಖ್ಯ, ಯಾಕಂದ್ರೆ ಎರಡು ಹೋಳಿನ ನಡುವೆ ಬೆಳೆದ ಬೂಷ್ಟು ಹೊರಗಿಂದ ಕಾಣಲ್ಲ. ತಿಳಿ ನೀಲಿ ಹಾಸಿನ ಮೇಲೆ ಒಂದೇ ಪದರ ಹರಡಿ, ಮೇಲೆ ಬಿಳಿ ಟ್ಯೂಬ್‌ಲೈಟ್. ಅರ್ಧ ಗಂಟೆಗೊಮ್ಮೆ ಕೂತವರನ್ನು ಬದಲಿಸಿ, ಅದಕ್ಕಿಂತ ಹೆಚ್ಚು ಹೊತ್ತು ಕಣ್ಣು ನಿಲ್ಲಲ್ಲ. ಸಾರ್ಟೆಕ್ಸ್ (ಬಣ್ಣ ನೋಡಿ ಕೆಟ್ಟ ಕಾಳು ತೆಗೆಯುವ ಯಂತ್ರ) ಆದ ಮಾಲು ಸಿಕ್ಕರೆ ಎರಡು ರೂಪಾಯಿ ಜಾಸ್ತಿ ಕೊಟ್ಟು ತಗೊಳ್ಳಿ, ಆದರೂ ಎರಡನೇ ಆರಿಕೆ ಬಿಡಬೇಡಿ.

ಆರಿಸಿ ತೆಗೆದದ್ದನ್ನು ಗಾಣಕ್ಕೆ ಕೊಡಬೇಡಿ. ಇದನ್ನು ಕೈ ಮುಗಿದು ಕೇಳ್ತೀನಿ. ವಿಷದ ಹೆಚ್ಚು ಭಾಗ ಹಿಂಡಿಗೆ ಹೋಗುತ್ತೆ, ಒಂದು ಪಾಲು ಸೋಸಿದ ಎಣ್ಣೆಯಲ್ಲೂ ಉಳಿಯುತ್ತೆ. ರಿಫೈನರಿಯ ಕ್ಷಾರ, ಬ್ಲೀಚಿಂಗ್ ಮಣ್ಣು ಅದನ್ನು ತೆಗೆಯುತ್ತೆ, ಗಾಣದೆಣ್ಣೆಗೆ ಅದ್ಯಾವುದೂ ಇಲ್ಲ. ಹಿಂಡಿ ತಿಂದ ಹಸುವಿನ ಹಾಲಲ್ಲಿ ಅದೇ ವಿಷ ಅಫ್ಲಾಟಾಕ್ಸಿನ್ ಎಂ1 ಆಗಿ ಮತ್ತೆ ಮನೆಗೆ ಬರುತ್ತೆ. ಹಾಲಿಗೆ ಮಿತಿ ಕೆಜಿಗೆ ಬರೀ 0.5 ಮೈಕ್ರೋಗ್ರಾಂ. ಸುಡಿ, ಇಲ್ಲ ಹೂಳಿ.

---

ಹುರಿಹದ:

ಬೀಜದ ವಿಷಯ ಮೇಲಿನವರು ಹೇಳಿದ್ದಾರೆ. ನನಗೆ ನಿಮ್ಮ ಪ್ರಶ್ನೆಯಲ್ಲಿ ಹೆಚ್ಚು ಭಯ ಆದದ್ದು ಬೇರೆ ಎರಡು ಸಾಲು: "ಹಸಿ ಬೆಳ್ಳುಳ್ಳಿ" ಮತ್ತು "ನೀರು ಹಾಕಿ ತೊಳೀತೀವಿ".

ಹ್ಯಾಸಪ್ ಅಂದ್ರೆ ಫೈಲಲ್ಲ. ಒಂದು ಹಾಳೆಯಲ್ಲಿ ಬೀಜ ಬಂದಲ್ಲಿಂದ ಪ್ಯಾಕೆಟ್ ಹೋಗುವವರೆಗೆ ಗೆರೆ ಎಳೆಯಿರಿ. ಅದರಲ್ಲಿ ಕೊನೆಯ ಬಿಸಿ ಎಲ್ಲಿ ಅಂತ ಗುರುತು ಹಾಕಿ. ನಿಮ್ಮಲ್ಲಿ ಅದು ರೋಸ್ಟರ್. ಆ ಗುರುತಿನ ಆಚೆಗೆ ಏನೇನು ಬಂದು ಸೇರುತ್ತೆ? ಖಾರದ ಪುಡಿ, ಜೀರಿಗೆ, ಬೆಳ್ಳುಳ್ಳಿ, ಕೈ, ಗಾಳಿ, ನೀರು. ಇವು ಯಾವುದಕ್ಕೂ ಮುಂದೆ ಬಿಸಿ ಇಲ್ಲ, ಗಿರಾಕಿ ಹಾಗೇ ರೊಟ್ಟಿಗೆ ಹಚ್ಚಿಕೊಂಡು ತಿಂತಾನೆ. ಅಫ್ಲಾಟಾಕ್ಸಿನ್ ರೋಸ್ಟರ್‌ಗಿಂತ ಮುಂಚೆ ತಡೆಯಬೇಕಾದ್ದು, ಸಾಲ್ಮೊನೆಲ್ಲಾ (ವಾಂತಿ, ಭೇದಿ, ಜ್ವರ ತರುವ ಕ್ರಿಮಿ) ರೋಸ್ಟರ್‌ನಲ್ಲಿ ಕೊಂದು, ಆಮೇಲೆ ಮತ್ತೆ ಸೇರದಂತೆ ಕಾಯಬೇಕಾದ್ದು. ಇವೆರಡನ್ನು ಕಲಸಿಕೊಂಡವರೇ "ಚೆನ್ನಾಗಿ ಹುರಿದಿದೀವಿ, ಏನೂ ಆಗಲ್ಲ" ಅನ್ನೋದು.

ಒಣಪುಡಿಯಲ್ಲಿ ಸಾಲ್ಮೊನೆಲ್ಲಾ ಬೆಳೆಯಲ್ಲ, ಒಪ್ಪಿದೆ. ಆದರೆ ಸಾಯುವುದೂ ಇಲ್ಲ, ತಿಂಗಳುಗಟ್ಟಲೆ ಇರುತ್ತೆ. ಶೇಂಗಾದ ಎಣ್ಣೆ ಹೊಟ್ಟೆಯ ಆಮ್ಲದಿಂದ ಅದನ್ನು ಮರೆಮಾಡುವುದರಿಂದ ಸ್ವಲ್ಪವೇ ಸಾಕು, ಕಾಯಿಲೆ ಬರಲು. ಅಮೆರಿಕದಲ್ಲಿ 2008–09ರಲ್ಲಿ ಪೀನಟ್ ಕಾರ್ಪೊರೇಷನ್ ಆಫ್ ಅಮೆರಿಕ ಕಂಪನಿಯ ಶೇಂಗಾ ಬೆಣ್ಣೆ, ಪೇಸ್ಟ್‌ನಿಂದ 700ಕ್ಕೂ ಹೆಚ್ಚು ಜನರಿಗೆ ಸಾಲ್ಮೊನೆಲ್ಲಾ ತಗುಲಿ 9 ಸಾವಾದವು. 2015ರಲ್ಲಿ ಮಾಲೀಕನಿಗೆ 28 ವರ್ಷ ಜೈಲಾಯ್ತು. ಅಲ್ಲೂ ರೋಸ್ಟರ್ ಇತ್ತು. ತಪಾಸಣೆಯಲ್ಲಿ ಕಂಡದ್ದು ಸೋರುವ ಛಾವಣಿ, ಹಸಿ ಬೀಜ ಹುರಿದ ಬೀಜ ಒಂದೇ ಕಡೆ ಇಟ್ಟದ್ದು.

ನೀರು. ಒಣ ಘಟಕದಲ್ಲಿ ನೀರೇ ಶತ್ರು. ಪಲ್ವರೈಸರ್‌ನ ಬೇರಿಂಗ್ ಸಂದು, ಜರಡಿ ಹಿಂದಿನ ಮೂಲೆಯಲ್ಲಿ ಕೂತ ಎಣ್ಣೆಪುಡಿಗೆ ನೀರು ಸೋಕಿದರೆ ಅಲ್ಲಿವರೆಗೆ ಸುಮ್ಮನೆ ಮಲಗಿದ್ದ ಕ್ರಿಮಿ ಎದ್ದು ಬೆಳೆಯುತ್ತೆ. ಬೆಳಿಗ್ಗೆ ಮೊದಲ ಬ್ಯಾಚ್ ಅದನ್ನೆಲ್ಲ ಗುಡಿಸಿಕೊಂಡು ಪ್ಯಾಕೆಟ್‌ಗೆ ಹೋಗುತ್ತೆ. ದಿನಾ ಮಾಡಬೇಕಾದ್ದು: ಬ್ರಷ್, ಸ್ಕ್ರೇಪರ್, ವ್ಯಾಕ್ಯೂಮ್, ಕೊನೆಗೆ ಎರಡು ಕೆಜಿ ಒಣ ಉಪ್ಪನ್ನು ಯಂತ್ರದಲ್ಲಿ ಓಡಿಸಿ ಆ ಉಪ್ಪು ಚೆಲ್ಲಿ. ಬಟ್ಟೆಗೆ 70% ಆಲ್ಕೋಹಾಲ್ ಹಾಕಿ ಒರೆಸಿ, ಆರಲಿ. ಉರಿ ಹತ್ತಿರ ಇರಬಾರದು, ರೋಸ್ಟರ್ ಆರಿಸಿದ ಮೇಲೆ. ಕಂಪ್ರೆಸರ್ ಗಾಳಿ ಬೇಡ, ಅದು ಧೂಳನ್ನು ಇಡೀ ಕೋಣೆಗೆ ಹಂಚುತ್ತೆ. ನೀರು ಹಾಕಲೇಬೇಕಾದ ದಿನ ಬಿಡಿಭಾಗ ಕಳಚಿ, ಕೋಣೆಯಿಂದ ಹೊರಗೆ ತೊಳೆದು, ಬಿಸಿಲಲ್ಲಿ ಪೂರ್ತಿ ಒಣಗಿದ ಮೇಲೆ ಒಳಗೆ ತನ್ನಿ.

ಬೆಳ್ಳುಳ್ಳಿ. ಹಸಿ ಬೆಳ್ಳುಳ್ಳಿಯಲ್ಲಿ ಸುಮಾರು 60% ನೀರು. 10 ಕೆಜಿ ಪುಡಿಗೆ ಅರ್ಧ ಕೆಜಿ ಹಾಕಿದರೆ 300 ಗ್ರಾಂ ನೀರು ಹಾಕಿದಂತೆ. ಹುರಿದ ಶೇಂಗಾದಲ್ಲಿ 2% ಇದ್ದ ತೇವ 5% ಆಯ್ತು. ಅದೂ ಸಮವಾಗಿ ಹರಡದೆ ಬೆಳ್ಳುಳ್ಳಿಯ ಗಂಟು ಗಂಟುಗಳಲ್ಲಿ ಉಳಿಯುತ್ತೆ, ಬೂಷ್ಟು ಅಲ್ಲೇ ಕೂರುತ್ತೆ. 3 ಮಿಮೀ ಚೂರು ಮಾಡಿ 60 ಡಿಗ್ರಿಯಲ್ಲಿ 6–8 ಗಂಟೆ ಒಣಗಿಸಿ. ಬಾಗಿಸಿದರೆ ಪಟ್ ಅಂತ ಮುರಿಯಬೇಕು, ಬಾಗಿದರೆ ಇನ್ನೂ ಆಗಿಲ್ಲ.

ಮೆಣಸಿನಕಾಯಿ. ಇದೂ ಬೂಷ್ಟು ಹಿಡಿಯುವ ವಸ್ತುವೇ, ಮಸಾಲೆಗಳಿಗೆ ಅಫ್ಲಾಟಾಕ್ಸಿನ್ ಮಿತಿ ಕೆಜಿಗೆ 30. ನೆಲದ ಮೇಲೆ ಒಣಗಿದ್ದು, ಹಕ್ಕಿ ಹಿಕ್ಕೆ, ಇಲಿ ಎಲ್ಲಾ ಓಡಾಡಿದ್ದು. ರೆಡಿ ಪುಡಿ ಬೇಡ, ಇಡೀ ಕಾಯಿ ತಂದು ಮುರಿದು ಒಳಗೆ ನೋಡಿ. ಬೀಜದ ಸುತ್ತ ಬೂದಿಬಣ್ಣದ ಜೇಡರಬಲೆ ಇದ್ದರೆ ಎಸೆಯಿರಿ. ಆಮೇಲೆ ತೊಟ್ಟು ತೆಗೆದು ಗರಿಗರಿ ಹುರಿಯಿರಿ. ಜೀರಿಗೆಯೂ ಹಾಗೇ. ಆದರೆ ಮನೆ ಹುರಿತದಿಂದ ಮಸಾಲೆ ಪೂರ್ತಿ ಶುದ್ಧ ಆಯ್ತು ಅಂತ ಅಂದುಕೊಳ್ಳಬೇಡಿ; ವಹಿವಾಟು ಬೆಳೆದರೆ ಉಗಿಯಲ್ಲಿ ಶುದ್ಧ ಮಾಡಿದ ಮಸಾಲೆ ಕೊಡುವವರಿಂದ ರಿಪೋರ್ಟ್ ಸಮೇತ ತಗೊಳ್ಳಿ.

ಹುರಿಯುವುದು. "ಕೆಂಪಗೆ" ಅನ್ನೋದು ಅಳತೆಯಲ್ಲ. 20 ಕೆಜಿ ಡ್ರಮ್‌ಗೆ 20 ಕೆಜಿಯೇ ತುಂಬಿದರೆ ನಡುವಿನ ಬೀಜ ತಿರುಗಲ್ಲ, 15–16 ಸಾಕು. ಬ್ಯಾಚ್ ಇಳಿಸಿದ ತಕ್ಷಣ ತೆಳು ಮೊನೆಯ ಥರ್ಮಾಮೀಟರನ್ನು ರಾಶಿಯ ನಡುವೆ ಚುಚ್ಚಿ ಉಷ್ಣತೆ ಬರೆದಿಡಿ, ಜೊತೆಗೆ ಹೊತ್ತು. 150–160 ಡಿಗ್ರಿಯಲ್ಲಿ 20 ನಿಮಿಷದ ಸುತ್ತ ಎಲ್ಲರೂ ಓಡಿಸುತ್ತಾರೆ, ಆದರೆ ನಿಮ್ಮ ಡ್ರಮ್‌ಗೆ ಎಷ್ಟು ಅಂತ ಲ್ಯಾಬ್ ವರದಿ ನೋಡಿ ನಿಲ್ಲಿಸಿಕೊಳ್ಳಿ. ಥರ್ಮಾಮೀಟರ್ ತಿಂಗಳಿಗೊಮ್ಮೆ ಪರೀಕ್ಷಿಸಿ: ಪುಡಿ ಮಾಡಿದ ಐಸ್ ನೀರಲ್ಲಿ 0 ತೋರಿಸಬೇಕು. ಕುದಿಯುವ ನೀರಲ್ಲಿ 100 ಅಲ್ಲ, ದಾವಣಗೆರೆ ಸಮುದ್ರಮಟ್ಟದಿಂದ 600 ಮೀಟರ್ ಮೇಲಿರುವುದರಿಂದ 98. ಚಿತ್ರದುರ್ಗದಲ್ಲಿ ಇನ್ನೊಂದು ಅರ್ಧ ಡಿಗ್ರಿ ಕಡಿಮೆ. ಇದು ಗೊತ್ತಿಲ್ಲದೆ ಒಳ್ಳೇ ಮೀಟರ್ ಎಸೆದವರಿದ್ದಾರೆ.

ಹುರಿದದ್ದನ್ನು ಹಸಿ ಬೀಜ ಇಟ್ಟಿದ್ದ ಪುಟ್ಟಿಗೆ ಮತ್ತೆ ಸುರಿಯಬಾರದು. ಹಸಿಗೆ ನೀಲಿ, ಹುರಿದದ್ದಕ್ಕೆ ಕೆಂಪು ಪುಟ್ಟಿ ಇಡಿ, ಮೊರಕ್ಕೂ ಅದೇ ಬಣ್ಣ. ಹಸಿ ಚೀಲ ಬಿಚ್ಚುವ ಜಾಗದಿಂದ ಫ್ಯಾನ್ ಗಾಳಿ ಹುರಿದ ಬೀಜದ ಕಡೆ ಬೀಸದಿರಲಿ. 40 ಡಿಗ್ರಿಗಿಂತ ಕೆಳಗೆ ಆರಿದ ಮೇಲೆಯೇ ಬೀಸಿ. ಬಿಸಿ ಬೀಜ ಬೀಸಿದರೆ ಎಣ್ಣೆ ಬಿಟ್ಟು ಪುಡಿ ಬದಲು ಮುದ್ದೆ ಆಗುತ್ತೆ, ಬಿಸಿ ಪುಡಿ ಪ್ಯಾಕ್ ಮಾಡಿದರೆ ಒಳಗೆ ಬೆವರು ಕಟ್ಟುತ್ತೆ.

ಕಬ್ಬಿಣ. ಪಲ್ವರೈಸರ್ ಜರಡಿ ಸವೆದು ತಂತಿ ಚೂರು ಬೀಳುತ್ತೆ. ಕೆಲಸ ಶುರು ಮಾಡುವಾಗ ಒಮ್ಮೆ, ಮುಗಿಸುವಾಗ ಒಮ್ಮೆ ಜರಡಿ ಬೆಳಕಿಗೆ ಹಿಡಿದು ನೋಡಿ. ಸಂಜೆ ತೂತು ಕಂಡರೆ ಬೆಳಗಿನಿಂದ ಬೀಸಿದ್ದೆಲ್ಲ ತಡೆಹಿಡಿಯಬೇಕು, ಅದಕ್ಕೇ ಎರಡು ಸಲ. ಪುಡಿ ಬೀಳುವ ಬಾಯಿಗೆ 10,000 ಗಾಸ್‌ನ ಮ್ಯಾಗ್ನೆಟ್ ಸರಳು ಹಾಕಿ. ಸ್ಟೇನ್‌ಲೆಸ್ ಸ್ಟೀಲ್ ಜರಡಿಯ ಚೂರನ್ನು ಮ್ಯಾಗ್ನೆಟ್ ಸರಿಯಾಗಿ ಹಿಡಿಯದಿರಬಹುದು ಅನ್ನೋದು ನೆನಪಿರಲಿ.

---

ಮಂಡಕ್ಕಿಪ್ರಿಯ:

ನಮ್ಮ ಅಜ್ಜಿಯರು ಒರಳಲ್ಲಿ ಹಸಿ ಬೆಳ್ಳುಳ್ಳಿ ಹಾಕೇ ಕುಟ್ಟಿದ್ದು, ಯಾರಿಗೂ ಏನೂ ಆಗಲಿಲ್ಲ. ಇವೆಲ್ಲ ದೊಡ್ಡ ಕಂಪನಿಗಳ ವ್ಯವಹಾರ ಅನ್ಸುತ್ತೆ.

---

ಹುರಿಹದ:

ಒರಳಲ್ಲಿ ಕುಟ್ಟಿದ್ದು ಎಂಟು ದಿನಕ್ಕೆ ಖಾಲಿ ಆಗ್ತಿತ್ತು, ಪ್ಯಾಕೆಟ್ ಮೂರು ತಿಂಗಳು ಅಂಗಡಿಯಲ್ಲಿ ಕೂರುತ್ತೆ. ಬೆಳ್ಳುಳ್ಳಿ ಅದೇ, ಹೊತ್ತು ಬೇರೆ. ಇನ್ನು ಅಫ್ಲಾಟಾಕ್ಸಿನ್ ತಿಂದವತ್ತೇ ಹೊಟ್ಟೆನೋವು ತರುವುದು ಅಪರೂಪ, ಅದು ವರ್ಷಗಟ್ಟಲೆ ಯಕೃತ್ತಿನ ಮೇಲೆ ಕೆಲಸ ಮಾಡುತ್ತೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಇದನ್ನು ಮೊದಲ ಗುಂಪಿನಲ್ಲಿಟ್ಟಿದೆ, ಅಂದ್ರೆ ಮನುಷ್ಯರಿಗೆ ಕ್ಯಾನ್ಸರ್ ತರುವುದು ಖಚಿತ ಅನ್ನುವ, ತಂಬಾಕು ಇರುವ ಗುಂಪು. "ಏನೂ ಆಗಲಿಲ್ಲ" ಅಂತ ಯಾರು ಲೆಕ್ಕ ಇಟ್ಟಿದ್ದರು?

ಹಾಗೇ ಇನ್ನೊಂದು: ಹಸಿ ಬೆಳ್ಳುಳ್ಳಿ ಚಟ್ನಿಗೆ ಎಣ್ಣೆ ಸುರಿದು ಬಾಟಲಿಯಲ್ಲಿ ಹೊರಗಿಟ್ಟು ಮಾರುವ ಯೋಚನೆ ಯಾರಿಗಾದರೂ ಇದ್ದರೆ ಬಿಟ್ಟುಬಿಡಿ. ಎಣ್ಣೆಯೊಳಗೆ ಗಾಳಿ ಇಲ್ಲ, ಹುಳಿ ಸಾಲದು, ತೇವ ಇದೆ. ಬಾಟ್ಯುಲಿಸಂ ಎಂಬ ಮಾರಕ ವಿಷಬಾಧೆ ತರುವ ಕ್ರಿಮಿಗೆ ಬೇಕಾದದ್ದು ಅಷ್ಟೇ.

---

ಬೆಣ್ಣೆನಗರಿ:

ತೊಳೆಯೋದು ಇವತ್ತಿಂದಲೇ ನಿಲ್ಲಿಸಿದ್ವಿ. ಲ್ಯಾಬ್‌ಗೆ ಎಷ್ಟು ಕಳಿಸಬೇಕು, ಯಾವ ಪರೀಕ್ಷೆ? ಒಂದು ಪ್ಯಾಕೆಟ್ ಕಳಿಸಿದರೆ ಸಾಲದಾ? ಮತ್ತೆ ಲೇಬಲ್ ಮೇಲೆ ಏನೇನು ಇರಬೇಕು?

---

ಪರೀಕ್ಷಾಮೇಜು:

ಒಂದು ಪ್ಯಾಕೆಟ್ ಸಾಲದು. ಮೇಲೆ ಗಾಣದಕಟ್ಟೆಯವರ ಒಂದು ಕಾಳಿನ ಲೆಕ್ಕ ಓದಿ, ಕಾರಣ ಅಲ್ಲೇ ಇದೆ. ಇಡೀ ಬೀಜದಿಂದ 200 ಗ್ರಾಂ ತೆಗೆದರೆ ಆ ಕೆಟ್ಟ ಕಾಳು ಅದರಲ್ಲಿ ಇರುವ ಸಂಭವವೇ ಕಡಿಮೆ. ರಿಪೋರ್ಟ್ ಸೊನ್ನೆ ಬರುತ್ತೆ, ಚೀಲ ವಿಷವಾಗಿರುತ್ತೆ. ಲಾಟಿನ ಪ್ರತಿ ಚೀಲದಿಂದ ಮೇಲೆ, ನಡುವೆ, ಕೆಳಗೆ ಬಾಂಬು (ಚೀಲಕ್ಕೆ ಚುಚ್ಚಿ ಕಾಳು ತೆಗೆಯುವ ಕೊಳವೆ) ಹಾಕಿ ತೆಗೆದು ಕನಿಷ್ಠ 5 ಕೆಜಿ ಕೂಡಿಸಿ. ಇಡೀ 5 ಕೆಜಿಯನ್ನು ಮೊದಲು ತರಿಯಾಗಿ ಬೀಸಿ, ಚೆನ್ನಾಗಿ ಕಲಸಿ, ರಾಶಿಯನ್ನು ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡು ಪಾಲು ಉಳಿಸಿ, ಮತ್ತೆ ನಾಲ್ಕು ಮಾಡಿ, ಹೀಗೆ ಅರ್ಧ ಕೆಜಿಗೆ ಇಳಿಸಿ ಅದನ್ನು ಕಳಿಸಿ. ಬೀಸಿದ ಮೇಲೆಯೇ ಭಾಗ ಮಾಡಬೇಕು, ಮುಂಚೆ ಅಲ್ಲ. ಅಂತರರಾಷ್ಟ್ರೀಯ ವ್ಯಾಪಾರದ ದೊಡ್ಡ ಲಾಟಿಗೆ 20 ಕೆಜಿ ಮಾದರಿ ತೆಗೆಯುವುದು ಇದೇ ಕಾರಣಕ್ಕೆ. ನಿಮಗೆ ಅನುಕೂಲ ಅಂದ್ರೆ ಚಟ್ನಿಪುಡಿ ಆಗಲೇ ಬೀಸಿ ಕಲಸಿದ್ದು, ಹಾಗಾಗಿ ಬ್ಯಾಚಿನ ಹತ್ತು ಕಡೆಯಿಂದ ತೆಗೆದ ಪುಡಿ ಸತ್ಯಕ್ಕೆ ಹತ್ತಿರ ಇರುತ್ತೆ.

ಕೇಳಬೇಕಾದ್ದು: ಒಟ್ಟು ಅಫ್ಲಾಟಾಕ್ಸಿನ್ (ಬಿ1, ಬಿ2, ಜಿ1, ಜಿ2 ಬಿಡಿಸಿ), 25 ಗ್ರಾಂನಲ್ಲಿ ಸಾಲ್ಮೊನೆಲ್ಲಾ, ತೇವ, ಪೆರಾಕ್ಸೈಡ್ ಮೌಲ್ಯ (ಎಣ್ಣೆ ಕಮಟುತ್ತಿರುವುದರ ಅಳತೆ). ಲ್ಯಾಬ್‌ಗೆ ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇದ್ದರೆ ಸಾಲದು, ಈ ಪರೀಕ್ಷೆಗೇ ಮಾನ್ಯತೆ ಇದೆಯಾ ನೋಡಿ. ಮೈಸೂರಿನ ಸಿಎಫ್‌ಟಿಆರ್‌ಐ (ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ) ಕೂಡ ಹೊರಗಿನವರ ಮಾದರಿ ಪರೀಕ್ಷಿಸುತ್ತೆ.

ಲೇಬಲ್: ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕಿ ಸಂಖ್ಯೆ, ಪದಾರ್ಥಗಳು ತೂಕದ ಇಳಿಕೆ ಕ್ರಮದಲ್ಲಿ, ಸಸ್ಯಾಹಾರದ ಹಸಿರು ಗುರುತು, ನಿವ್ವಳ ತೂಕ, ಎಂಆರ್‌ಪಿ, ಬ್ಯಾಚ್ ಸಂಖ್ಯೆ, ತಯಾರಿಸಿದ ದಿನ, ಬಳಕೆಯ ಗಡುವು, ವಿಳಾಸ, ದೂರು ಹೇಳುವ ನಂಬರ್. ಜೊತೆಗೆ ಶೇಂಗಾ ಅಲರ್ಜಿ ಸೂಚನೆ, ಹೆಸರಿನಲ್ಲೇ ಶೇಂಗಾ ಇದೆಯಲ್ಲ ಅಂತ ಬಿಡಬೇಡಿ. ಅದೇ ಪಲ್ವರೈಸರ್‌ನಲ್ಲಿ ಅಗಸೆ, ಗುರೆಳ್ಳು ಪುಡಿ ಬೀಸುತ್ತಿದ್ದರೆ ಆ ಪ್ಯಾಕೆಟ್ ಮೇಲೂ "ಶೇಂಗಾ ಅಂಶ ಇರಬಹುದು" ಅಂತ ಹಾಕಿ. ಅಲರ್ಜಿ ಇರುವ ಮಗುವಿಗೆ ಚಿಟಿಕೆ ಪುಡಿಯೂ ಅಪಾಯ.

ಬ್ಯಾಚ್ ಸಂಖ್ಯೆಯಿಂದ ಹಿಂದಕ್ಕೆ ಹೋದರೆ ಯಾವ ಚೀಲ, ಯಾವ ವ್ಯಾಪಾರಿ, ಯಾವ ಹುರಿತ ಅಂತ ಸಿಗಬೇಕು. ಮುಂದಕ್ಕೆ ಹೋದರೆ ಯಾವ ಅಂಗಡಿ ಅಂತ. ಈ ಪುಸ್ತಕ ಇದ್ದಿದ್ದರೆ ಕಹಿ ಪ್ಯಾಕೆಟ್ ಎಲ್ಲಿಂದ ಬಂತು ಅಂತ ಹತ್ತು ನಿಮಿಷದಲ್ಲಿ ಗೊತ್ತಾಗ್ತಿತ್ತು. ಪ್ರತಿ ಬ್ಯಾಚಿನ ಎರಡು ಪ್ಯಾಕೆಟ್ ಗಡುವು ಮುಗಿದು ಒಂದು ತಿಂಗಳವರೆಗೆ ಎತ್ತಿಡಿ.

---

ರೊಟ್ಟಿಬುತ್ತಿ (ಹೊಳಲ್ಕೆರೆ):

ಮಾಡುವವರಿಗೆ ಇಷ್ಟೆಲ್ಲ ಹೇಳಿದ್ರಿ. ಕೊಂಡು ತಿನ್ನೋರು ಏನು ನೋಡಬೇಕು?

---

ಗಾಣದಕಟ್ಟೆ:

ಪಾರದರ್ಶಕ ಕವರಿನಲ್ಲಿ ಬಿಸಿಲಿಗೆ ನೇತುಹಾಕಿದ್ದು ಬೇಡ, ಬೆಳಕಿಗೆ ಶೇಂಗಾ ಎಣ್ಣೆ ಬೇಗ ಕಮಟುತ್ತೆ. ಗಂಟು ಕಟ್ಟಿದ ಪುಡಿ ಬೇಡ. ಬಿಡಿಬೀಜ ಕೊಳ್ಳುವಾಗ ಹಿಡಿಯಷ್ಟು ಬೀಜ ತೆಗೆದು ಹತ್ತು ಕಾಳು ಹೋಳು ಮಾಡಿ ಒಳಮೈ ನೋಡಿ. ಮನೆಯಲ್ಲಿ ತಿನ್ನುವಾಗ ಕಹಿ ಕಾಳು ಬಾಯಿಗೆ ಸಿಕ್ಕರೆ ಮರ್ಯಾದೆಗೆ ನುಂಗಬೇಡಿ, ಉಗಿಯಿರಿ. ಬೂಷ್ಟು ಬಂದ ಬೀಜ ತೊಳೆದು, ಬಿಸಿಲಿಗೆ ಹಾಕಿ ಬಳಸುವುದು ಬೇಡವೇ ಬೇಡ. ಅಗ್ಗಕ್ಕೆ ಸಿಗುವ "ಚಟ್ನಿ ಬೀಜ", "ಎರಡನೇ ನಂಬರ್" ಅನ್ನೋದು ಬಹಳ ಸಲ ಬೇರೆಯವರು ಆರಿಸಿ ಬಿಸಾಕಿದ್ದೇ.

---

ಬೆಣ್ಣೆನಗರಿ:

ಜಾಡಿ ಪರೀಕ್ಷೆ ಮಾಡಿದ್ವಿ. ಉಪ್ಪಿಗೆ 76 ತೋರಿಸ್ತು, ಹೊಸ ಲಾಟಿನ ಬೀಜಕ್ಕೆ 75. ಬಿಸಿಲಿಗೆ ಹರಡಿ ಒಣಗಿಸಿ ಬಳಸಬಹುದಾ?

---

ಗಾಣದಕಟ್ಟೆ:

ಒಂದು ಕಳೆದರೆ 74, ಅಂದ್ರೆ ಗೆರೆ ದಾಟಿದೆ. ಫ್ಲೇವಸ್ ಬೆಳೆಯಲು 80ರ ಸುತ್ತ ಬೇಕು, ಹಾಗಾಗಿ ಈ ಚೀಲದಲ್ಲಿ ಇವತ್ತು ಅದು ಬೆಳೆಯುತ್ತಿಲ್ಲದಿರಬಹುದು. ಆದರೆ ನೀರು ಹೊಡೆದ ದಿನ ಎಷ್ಟಿತ್ತು ಅಂತ ಜಾಡಿ ಹೇಳಲ್ಲ. ಒಣಗಿಸಿದರೆ ಮುಂದಿನ ಬೆಳವಣಿಗೆ ನಿಲ್ಲುತ್ತೆ, ಆಗಲೇ ಆದ ವಿಷ ಹಾಗೇ ಇರುತ್ತೆ. ವಾಪಸ್ ಕೊಡಿ. ವ್ಯಾಪಾರಿ ತಗೊಳ್ಳಲ್ಲ ಅಂದರೆ ಆರಿಸಿ, ಬೀಸಿ, ಮೇಲೆ ಹೇಳಿದ ಹಾಗೆ ಮಾದರಿ ಕಳಿಸಿ, ರಿಪೋರ್ಟ್ ಬರುವವರೆಗೆ ಮುಟ್ಟಬೇಡಿ. ಮುಂದಿನ ಸಲ ಲೋಡ್ ಆಗುವ ಹಿಂದಿನ ದಿನವೇ ಅವರ ಗೋದಾಮಿನಲ್ಲಿ ಒಟ್ಟಿದ ಚೀಲಗಳ ನಡುವಿನಿಂದ ಎರಡು ಕೆಜಿ ತೆಗೆಸಿಕೊಂಡು ಜಾಡಿಗೆ ಹಾಕಿ. ಬಾಗಿಲ ಹತ್ತಿರದ ಚೀಲ ತೋರಿಸ್ತಾರೆ, ಅದು ಬೇಡ ಅನ್ನಿ.